ಬಣ್ಣ ಬಳಿದ ನೆತ್ತರು: ಇಟಲಿಯ ಭಯಾನಕ ಚಿತ್ರಗಳೂ ನಮ್ಮ ಬೀಭತ್ಸವೂ

(ಮೆಲ್ಬರ್ನ್ ನಗರದ ಡ್ಯಾಂಡಿನಾಂಗ್‌ನಲ್ಲಿ ನೀಡಿದ ದತ್ತಿ ಉಪನ್ಯಾಸದ ಪರಿಷ್ಕೃತ ಪಠ್ಯ)



ನಾವು ಸೇರಿರುವ ಈ ನೆಲದ ಮೂಲ ಒಡೆಯರಾದ ಬುನುರಾಂಗ್ ಜನರಿಗೆ ಮೊದಲ ನಮಸ್ಕಾರ.

ದತ್ತಿ ಉಪನ್ಯಾಸ ಎಂದರೆ ವಚನಗಳ ಬಗ್ಗೆಯೋ ದಾಸರ ಪದಗಳ ಬಗ್ಗೆಯೋ ನಾಲ್ಕು ಒಳ್ಳೆಯ ಮಾತು ಕೇಳಬಹುದು ಎಂದು ಬಂದವರೇ ಇಲ್ಲಿ ಹೆಚ್ಚು. ಆಮಂತ್ರಣ ಪತ್ರಿಕೆಯಲ್ಲಿ ಇಟಲಿಯ ರಕ್ತಸಿಕ್ತ ಸಿನಿಮಾ ಎಂದು ಓದಿದ ಕೆಲವರು ಅಚ್ಚಿನ ತಪ್ಪಿರಬೇಕು ಎಂದುಕೊಂಡಿದ್ದರೂ ಆಶ್ಚರ್ಯವಿಲ್ಲ. ತಪ್ಪಲ್ಲ. ವಿಷಯ ನಿಮ್ಮ ಇಷ್ಟ ಎಂದು ಈ ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಹಿರಿಯರು ಉದಾರವಾಗಿ ಹೇಳಿದ್ದರು. ಆ ಉದಾರತೆಯನ್ನು ನಾನು ಪೂರ್ತಿ ಬಳಸಿಕೊಂಡಿದ್ದೇನೆ, ಅಷ್ಟೆ.

ನನಗೆ ಹೇಳಬೇಕಾಗಿರುವುದು ಒಂದೇ ಸಂಗತಿ. ಕಲೆಯಲ್ಲಿ ನೆತ್ತರು ಅತಿಯಾದಷ್ಟೂ ಅದು ತಾನು ವೇಷವೆಂದು ಒಪ್ಪಿಕೊಳ್ಳುತ್ತದೆ. ನೋಡುವವರಿಗೆ ಸಿಗುವ ಸುಖ ಆ ಒಪ್ಪಿಗೆಯಿಂದ ಹುಟ್ಟುತ್ತದೆ. ನಾವು ಅಂಜಬೇಕಾದ್ದು ಕಡುಕೆಂಪು ಬಣ್ಣಕ್ಕಲ್ಲ, ನಿಜವೆಂದು ನಂಬಿಸಲು ಹೊರಟ ರಕ್ತಕ್ಕೆ. ಇದನ್ನು ಇಟಲಿಯವರು ಹೊಸದಾಗಿ ಕಂಡುಹಿಡಿದದ್ದೇನಲ್ಲ. ನಮ್ಮ ಬಯಲಾಟದವರಿಗೆ ಇದು ಗೊತ್ತಿತ್ತು. ಹಳಗನ್ನಡದ ಜೈನ ಕವಿಗೂ ಗೊತ್ತಿತ್ತು. ಆತ ಇದಕ್ಕೊಂದು ಕಠಿಣವಾದ ಆಕ್ಷೇಪವನ್ನೂ ಎತ್ತಿದ್ದಾನೆ. ಆ ಆಕ್ಷೇಪಕ್ಕೆ ಕೊನೆಯಲ್ಲಿ ಬರುತ್ತೇನೆ.

1. ರೋಮಿನ ಬಣ್ಣದ ಪೆಟ್ಟಿಗೆ

1929ರಲ್ಲಿ ಮೊಂಡಡೋರಿ ಎಂಬ ಇಟಲಿಯ ಪ್ರಕಾಶನ ಸಂಸ್ಥೆ ಹಳದಿ ಹೊದಿಕೆಯ ಅಗ್ಗದ ಪತ್ತೇದಾರಿ ಕಾದಂಬರಿಗಳನ್ನು ಹೊರತರತೊಡಗಿತು. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು, ಪಠ್ಯಪುಸ್ತಕದೊಳಗೆ ಅಡಗಿಸಿಟ್ಟು ಓದಿದ ತಲೆಮಾರಿಗೆ ಅಂಥ ಓದಿನ ರುಚಿಯನ್ನು ವಿವರಿಸಬೇಕಾಗಿಲ್ಲ. ಇಟಲಿಯವರು ಆ ಹಳದಿ ಪುಸ್ತಕದ ಬಣ್ಣವನ್ನೇ ಹೆಸರಾಗಿಟ್ಟು 'ಜಾಲ್ಲೊ' ಎಂಬ ಸಿನಿಮಾ ಪ್ರಕಾರವನ್ನು ಕಟ್ಟಿದರು. ಕಪ್ಪು ಕೈಗವಸು ತೊಟ್ಟ, ಮುಖ ಕಾಣಿಸದ ಕೊಲೆಗಾರ. ಹೊಳೆಯುವ ಕ್ಷೌರದ ಕತ್ತಿ. ಆಕಸ್ಮಿಕವಾಗಿ ಕೊಲೆಯನ್ನು ಕಂಡು ಪೊಲೀಸರಿಗಿಂತ ಮೊದಲೇ ಬೆನ್ನು ಹತ್ತುವ ಒಬ್ಬ ಪರಸ್ಥಳದವ. ಇಷ್ಟಿದ್ದರೆ ಕಥೆಗೆ ಸಾಕು.

ಈ ದಾರಿ ಹಾಕಿಕೊಟ್ಟವರಲ್ಲಿ ಮೊದಲಿಗ ಮಾರಿಯೊ ಬಾವಾ. ಮೂಲತಃ ಛಾಯಾಗ್ರಾಹಕ. 1960ರ 'ಬ್ಲ್ಯಾಕ್ ಸಂಡೇ' ಚಿತ್ರದ ಆರಂಭದಲ್ಲೇ ಒಳಗೆಲ್ಲ ಮೊಳೆ ಚುಚ್ಚಿದ ಮುಖವಾಡವನ್ನು ಮಾಟಗಾತಿಯ ಮುಖಕ್ಕೆ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಅದಿನ್ನೂ ಕಪ್ಪು-ಬಿಳುಪು. 1964ರ 'ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್' ಹೊತ್ತಿಗೆ ಬಣ್ಣ ಕೈಗೆ ಬಂದಿತ್ತು. ಉಡುಪಿನ ಫ್ಯಾಷನ್ ಮನೆಯೊಂದರಲ್ಲಿ ರೂಪದರ್ಶಿಯರು ಒಬ್ಬೊಬ್ಬರಾಗಿ ಸಾಯುತ್ತಾರೆ. ಪ್ರತಿ ಕೋಣೆಗೂ ನೇರಳೆ, ಹಸಿರು, ಕೆಂಪು ಬೆಳಕು. ಆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಕೇಳಬಾರದು. ಯಕ್ಷಗಾನದಲ್ಲಿ ಕಾಡಿಗೆ ಹೊರಟ ರಾಜನ ತಲೆಯ ಮೇಲೆ ಕಿರೀಟ ಏಕಿದೆ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ.

ಇದರ ತುದಿ ಮುಟ್ಟಿದವನು ದಾರಿಯೊ ಅರ್ಜೆಂಟೊ. ಆ ತುದಿ 1977ರ 'ಸಸ್ಪಿರಿಯ'. ಜರ್ಮನಿಯ ನೃತ್ಯಶಾಲೆಯೊಂದಕ್ಕೆ ಕಲಿಯಲು ಬಂದ ಅಮೆರಿಕದ ಹುಡುಗಿ, ಆ ಶಾಲೆ ನಡೆಸುತ್ತಿರುವವರು ಮಾಟಗಾತಿಯರು. ಕಥೆ ಇಷ್ಟೇ. ಮೊದಲ ಕೊಲೆಯನ್ನು ಕೊಂಚ ಹತ್ತಿರದಿಂದ ನೋಡೋಣ. ಶಾಲೆಯಿಂದ ಮಳೆಯಲ್ಲಿ ಓಡಿಹೋದ ವಿದ್ಯಾರ್ಥಿನಿಯೊಬ್ಬಳು ಗೆಳತಿಯ ಮನೆ ಸೇರಿದ್ದಾಳೆ. ಗೋಡೆಗಳೆಲ್ಲ ಕೆಂಪು-ಗುಲಾಬಿ, ನೆಲಕ್ಕೆ ರಂಗೋಲಿಯಂಥ ಜ್ಯಾಮಿತಿಯ ಚಿತ್ತಾರ. ಅವಳು ಕಿಟಕಿಯಾಚೆಗಿನ ಕತ್ತಲನ್ನು ದಿಟ್ಟಿಸುತ್ತಾಳೆ. ಅಲ್ಲಿ ಎರಡು ಕಣ್ಣು ಹೊಳೆಯುತ್ತವೆ. ರೋಮ ತುಂಬಿದ ಕೈಯೊಂದು ಒಳನುಗ್ಗಿ ಅವಳ ಮುಖವನ್ನು ಗಾಜಿಗೆ ಒತ್ತುತ್ತದೆ. ಇರಿತ ಒಂದಲ್ಲ, ಎರಡಲ್ಲ. ಎದೆ ತೆರೆದು ಹೃದಯ ಕಾಣಿಸುತ್ತದೆ, ಚೂರಿ ಅದಕ್ಕೂ ಇಳಿಯುತ್ತದೆ. ಕೊರಳಿಗೆ ಹಗ್ಗ ಬಿಗಿಯುತ್ತದೆ. ಬಣ್ಣದ ಗಾಜಿನ ಮಾಳಿಗೆ ಒಡೆದು ಅವಳ ದೇಹ ಕೆಳಗೆ ನೇತಾಡುತ್ತದೆ. ಕೆಳಗೆ ನಿಂತಿದ್ದ ಗೆಳತಿಯೂ ಬಿದ್ದ ಗಾಜಿನ ಚೂರುಗಳಿಗೆ ಬಲಿ. ಒಂದು ಸಾವಿಗೆ ಕೊಲೆಗಾರ ಪಟ್ಟ ಶ್ರಮ ನೋಡಿದರೆ ಅವನಿಗೆ ಸಂಬಳ ಕೊಡಬೇಕು ಅನ್ನಿಸುತ್ತದೆ.

ಆ ರಕ್ತದ ಬಣ್ಣ ರಕ್ತದ್ದಲ್ಲ, ಪೇಂಟಿನದು. ಟೊಮ್ಯಾಟೊ ಸಾಸ್ ಎಂದು ಗೇಲಿ ಮಾಡುವವರಿದ್ದಾರೆ. ಹೈಂಜ್ ಕಂಪನಿಯ ದೊಡ್ಡ ಕಾರ್ಖಾನೆ ಇದ್ದ ಡ್ಯಾಂಡಿನಾಂಗ್‌ನಲ್ಲೇ ನಿಂತು ಆ ಗೇಲಿಗೆ ಉತ್ತರ ಕೊಡಬೇಕಾಗಿ ಬಂದದ್ದು ನನ್ನ ಹಣೆಬರಹ. ಉತ್ತರ ಇಷ್ಟು: ಅದು ಕೈತಪ್ಪಿ ಆದದ್ದಲ್ಲ. ಅರ್ಜೆಂಟೊ ಮತ್ತು ಛಾಯಾಗ್ರಾಹಕ ಲುಚಿಯಾನೊ ತೊವೊಲಿ ಡಿಸ್ನಿಯ 'ಸ್ನೋ ವೈಟ್' ಕಾರ್ಟೂನಿನ ಬಣ್ಣಗಳನ್ನು ಬಯಸಿದರು. ಆಗಲೇ ಹಳತಾಗಿದ್ದ ಟೆಕ್ನಿಕಲರ್ ಮುದ್ರಣ ವಿಧಾನವನ್ನು ಬೇಕೆಂದೇ ಬಳಸಿದರು. ಶಾಲೆಯಲ್ಲಿ ಚಿಕ್ಕ ಮಕ್ಕಳಿರಬೇಕೆಂಬುದು ನಿರ್ದೇಶಕನ ಮೊದಲ ಯೋಚನೆ; ಅದು ಸಾಧ್ಯವಾಗದೆ ದೊಡ್ಡವರನ್ನೇ ಹಾಕಿಕೊಂಡಾಗ ಬಾಗಿಲಿನ ಹಿಡಿಗಳನ್ನು ಎತ್ತರಕ್ಕೆ ಕೂರಿಸಿದ, ನಟಿಯರು ಮಕ್ಕಳಂತೆ ಕಾಣಲಿ ಎಂದು. ಗಾಬ್ಲಿನ್ ಎಂಬ ವಾದ್ಯತಂಡದ ಸಂಗೀತವನ್ನು ಚಿತ್ರೀಕರಣದ ಜಾಗದಲ್ಲೇ ಜೋರಾಗಿ ಹಾಕಿ ನಟಿಯರ ಎದೆ ನಡುಗಿಸಿದ. ಆ ಸಂಗೀತದಲ್ಲಿ ಗ್ರೀಸಿನ ಬುಜೂಕಿಯ ಜೊತೆ ನಮ್ಮ ತಬಲಾವೂ ಇದೆ.

ಲುಚಿಯೊ ಫುಲ್ಚಿಯ ದಾರಿ ಇನ್ನೂ ಒರಟು. 1979ರ ಅವನ 'ಜೋಂಬಿ' ಚಿತ್ರದಲ್ಲಿ ಹೆಂಗಸೊಬ್ಬಳ ಕಣ್ಣು ಒಡೆದ ಬಾಗಿಲಿನ ಮರದ ಸಿಬಿರಿನತ್ತ ಇಂಚಿಂಚಾಗಿ ಎಳೆಯಲ್ಪಡುತ್ತದೆ. ಕ್ಯಾಮೆರಾ ಈಗ ತಿರುಗುತ್ತದೆ, ಈಗ ತಿರುಗುತ್ತದೆ ಎಂದು ನಾವು ಕಾಯುತ್ತೇವೆ. ಅದು ತಿರುಗುವುದೇ ಇಲ್ಲ. ಅದೇ ಚಿತ್ರದಲ್ಲಿ ಸಮುದ್ರದಡಿ ಹೆಣವೊಂದು ಶಾರ್ಕ್ ಮೀನಿನ ಜೊತೆ ಕುಸ್ತಿ ಹಿಡಿಯುತ್ತದೆ. ಹೊಟ್ಟೆ ತೊಳಸುವುದೂ ಹೊಟ್ಟೆ ಹಿಡಿದು ನಗುವುದೂ ಒಂದೇ ಟಿಕೆಟ್ಟಿನಲ್ಲಿ.

2. ಭರತನ ಲೆಕ್ಕ

'ಅತಿಯಾದರೆ ಅಮೃತವೂ ವಿಷ' ಎನ್ನುವ ಗಾದೆ ನಮ್ಮದು. ಊಟಕ್ಕೆ ಅದು ಸರಿ, ರಂಗಕ್ಕೆ ಅಲ್ಲ. ನಾಟ್ಯಶಾಸ್ತ್ರ ರಸಗಳಿಗೆ ಬಣ್ಣ ಹಂಚಿದೆ: ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ. 'ಸಸ್ಪಿರಿಯ'ದ ಕೋಣೆಗಳನ್ನು ಒಂದೊಂದಾಗಿ ದಾಟುತ್ತಿದ್ದರೆ ಈ ಪಟ್ಟಿ ನೆನಪಾಗದೆ ಇರದು. ಅದಕ್ಕಿಂತ ಉಪಯುಕ್ತವಾದದ್ದು ಭರತನ ಇನ್ನೊಂದು ಮಾತು: ನಾಲ್ಕು ಮೂಲರಸಗಳಿಂದ ಉಳಿದ ನಾಲ್ಕು ಹುಟ್ಟುತ್ತವೆ, ಬೀಭತ್ಸದಿಂದ ಹುಟ್ಟುವುದು ಭಯಾನಕ. ಭಯ ಮೊದಲು, ಅಸಹ್ಯ ಆಮೇಲೆ ಎಂದು ನಾವು ಅಂದುಕೊಂಡಿರುತ್ತೇವೆ. ಭರತನ ಲೆಕ್ಕದಲ್ಲಿ ಜುಗುಪ್ಸೆಯೇ ತಾಯಿ. ಫುಲ್ಚಿಯ ಇಡೀ ವೃತ್ತಿಜೀವನ ಈ ಒಂದು ಸಾಲಿಗೆ ಬರೆದ ವ್ಯಾಖ್ಯಾನದಂತಿದೆ.

ಆದರೆ ಅದೇ ಶಾಸ್ತ್ರ ಯುದ್ಧ, ಸಾವುಗಳನ್ನು ಅಂಕದೊಳಗೆ ನೇರವಾಗಿ ತೋರಿಸಬಾರದು, ಬೇರೆಯವರ ಮಾತಿನಲ್ಲಿ ತಿಳಿಸಬೇಕು ಎಂದೂ ವಿಧಿಸಿತು. ನಮ್ಮ ಬಯಲಾಟ ರಸದ ಪಟ್ಟಿಯನ್ನು ಇಟ್ಟುಕೊಂಡು ನಿಷೇಧವನ್ನು ಕೈಬಿಟ್ಟಿತು.

3. ದೊಂದಿಯ ಬೆಳಕಿನಲ್ಲಿ ಮಹಿಷಾಸುರ

ದಕ್ಷಿಣ ಕನ್ನಡದ, ಕಾಸರಗೋಡಿನ ಕಡೆಯ ನಮ್ಮವರಿಗೆ ಕಟೀಲು ಮೇಳದ 'ದೇವಿ ಮಹಾತ್ಮೆ' ಹರಕೆಯಾಟ ಚೆನ್ನಾಗಿ ಗೊತ್ತು. ನೋಡದವರಿಗಾಗಿ ಎರಡು ಮಾತು ಹೇಳುತ್ತೇನೆ. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ನಡುರಾತ್ರಿ ದಾಟಿದ ಮೇಲೆ, ತೂಕಡಿಸುತ್ತಿರುವ ಜನರ ಬೆನ್ನ ಹಿಂದೆ ಎಲ್ಲೋ ದೂರದಲ್ಲಿ ಒಂದು ಆರ್ಭಟ. ದೊಂದಿಗಳು ಹೊತ್ತಿಕೊಳ್ಳುತ್ತವೆ, ರಾಳದ ಹುಡಿ ಎರಚಿದಾಗ ಬೆಂಕಿ ಆಳೆತ್ತರಕ್ಕೆ ಭುಗಿಲೇಳುತ್ತದೆ. ಚೆಂಡೆಯ ಪೆಟ್ಟು ಎದೆಗೂಡಿನೊಳಗೆ ಬೀಳುತ್ತದೆ. ಕೋಡು ಹೊತ್ತ ಬಣ್ಣದ ವೇಷ ಜನರ ನಡುವಿನಿಂದಲೇ ದಾರಿ ಮಾಡಿಕೊಂಡು ರಂಗಸ್ಥಳಕ್ಕೆ ನುಗ್ಗುತ್ತದೆ. ಮಕ್ಕಳು ಚೀರಿ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುತ್ತಾರೆ. ಮರುಗಳಿಗೆಯಲ್ಲಿ ಸೆರಗು ಸರಿಸಿ ಒಂದೇ ಕಣ್ಣಿನಲ್ಲಿ ನೋಡುತ್ತಾರೆ. ನನ್ನ ಇಡೀ ಉಪನ್ಯಾಸದ ವಿಷಯ ಆ ಒಂದು ಕಣ್ಣು.

ಆ ಮಗು ಅದೇ ಸಂಜೆ ಚೌಕಿಗೆ, ಅಂದರೆ ವೇಷ ಕಟ್ಟುವ ಬಣ್ಣದ ಮನೆಗೆ, ಹೋಗಿ ಇಣುಕಿದ್ದಿರಬಹುದು. ಅಲ್ಲಿ ಅದೇ ಮಹಿಷಾಸುರ ಕನ್ನಡಿ ಹಿಡಿದು ಕೂತು, ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿದ ಹದದಲ್ಲಿ ಮುಖದ ತುಂಬ ಚಿಟ್ಟಿ ಇಡುತ್ತಿದ್ದ. ಸಾಲಿಗೆ ಸಾಲು, ಮುಳ್ಳಿನಂತೆ ಎದ್ದು ನಿಲ್ಲುವ ಬಿಳಿ ಚುಕ್ಕಿಗಳು, ಗಂಟೆಗಟ್ಟಲೆ ಕೆಲಸ. ಬಣ್ಣ ಹಚ್ಚುವುದನ್ನು ಕಣ್ಣಾರೆ ಕಂಡ ಮಗುವೂ ರಾತ್ರಿ ಹೆದರಿತು. ಹೆದರಿಕೆ ಮೋಸದಿಂದ ಹುಟ್ಟಿದ್ದಲ್ಲ. ಮಗು ತಿಳಿದೂ ಹೆದರಿತು. ಆಮೇಲೆ ದೇವಿ ಬರುತ್ತಾಳೆ, ರಕ್ತಬೀಜನ ಹನಿಹನಿ ನೆತ್ತರಿಗೂ ಒಬ್ಬೊಬ್ಬ ರಕ್ಕಸ ಏಳುತ್ತಾನೆ, ಆ ನೆತ್ತರು ನೆಲ ಮುಟ್ಟದಂತೆ ಕಾಳಿ ನಾಲಗೆ ಚಾಚುತ್ತಾಳೆ. ಈ ಕಥಾವಸ್ತುವನ್ನು ಫುಲ್ಚಿಗೆ ಯಾರಾದರೂ ಹೇಳಿದ್ದರೆ ಅವನು ಹೊಟ್ಟೆಕಿಚ್ಚು ಪಡುತ್ತಿದ್ದ.

ಕಾವ್ಯಕ್ಕೆ ಬಂದರೂ ನಾವು ಸಾತ್ವಿಕರೇನಲ್ಲ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳ ರಾಶಿಯ ನಡುವೆ ನಡೆಯುತ್ತಾನೆ. ನೆತ್ತರಿನ ಕೆಸರು, ಮುರಿದ ರಥ, ಸತ್ತ ಆನೆ, ನಡುವೆ ಚಕ್ರವರ್ತಿಯನ್ನೇ ಮೂದಲಿಸುವ ಮರುಳುಗಳು. ಕುಮಾರವ್ಯಾಸನ ಭೀಮ ದುಶ್ಶಾಸನನ ಎದೆ ಬಗಿದು ನೆತ್ತರು ಕುಡಿಯುತ್ತಾನೆ. ಗಮಕಿಗಳು ಅದನ್ನು ದೇವಸ್ಥಾನದ ಜಗಲಿಯಲ್ಲಿ ಹಾಡಿದರು, ಅಜ್ಜಿಯಂದಿರು ಕೂತು ಕೇಳಿದರು.

ಸಿನಿಮಾದಲ್ಲಿಯೂ ಅಷ್ಟೆ. 1954ರ 'ಬೇಡರ ಕಣ್ಣಪ್ಪ' ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ. ಕನ್ನಡದ ಅತಿ ದೊಡ್ಡ ನಟ ತೆರೆಯ ಮೇಲೆ ನಾಯಕನಾಗಿ ಕಾಲಿಟ್ಟದ್ದೇ ತನ್ನ ಕಣ್ಣನ್ನು ಬಾಣದಿಂದ ಕಿತ್ತು ಶಿವನಿಗೆ ಕೊಡುವ ಪಾತ್ರದಲ್ಲಿ. ಒಂದು ಕಣ್ಣು ಕಿತ್ತಾದ ಮೇಲೆ ಇನ್ನೊಂದನ್ನು ಎಲ್ಲಿಡಬೇಕೆಂಬುದು ಕಾಣದೇಹೋದೀತೆಂದು ಲಿಂಗದ ಮೇಲೆ ಕಾಲಿಟ್ಟು ಗುರುತು ಮಾಡಿಕೊಳ್ಳುತ್ತಾನೆ. ಫುಲ್ಚಿಯ ಕಣ್ಣಿಗೂ ಕಣ್ಣಪ್ಪನ ಕಣ್ಣಿಗೂ ಅರ್ಥದಲ್ಲಿ ಅಜಗಜಾಂತರ. ಒಂದು ಕಿತ್ತುಕೊಂಡದ್ದು, ಇನ್ನೊಂದು ಕೊಟ್ಟದ್ದು. ಆದರೆ ನಮ್ಮ ಕಣ್ಣು ಮುಚ್ಚಿಕೊಳ್ಳುವ ಗಳಿಗೆ ಒಂದೇ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಅದೇ ರಾಜ್‌ಕುಮಾರ್ ಹಿರಣ್ಯಕಶಿಪುವಾಗಿ ನರಸಿಂಹನ ತೊಡೆಯ ಮೇಲೆ ಸಾಯುತ್ತಾರೆ. ಆ ಚಿತ್ರಕ್ಕೆ ನಮ್ಮ ಅಪ್ಪ-ಅಮ್ಮಂದಿರು ಮಕ್ಕಳನ್ನು ಕರೆದುಕೊಂಡೇ ಹೋಗಿದ್ದರು.

4. ಮೆಲ್ಬರ್ನಿನ ಪ್ಯಾಟ್ರಿಕ್, ರೋಮಿನ ಪ್ಯಾಟ್ರಿಕ್

ಈಗ ನಾವಿರುವ ಊರಿಗೆ ಬರೋಣ. 1978ರಲ್ಲಿ ಮೆಲ್ಬರ್ನಿನ ರಿಚರ್ಡ್ ಫ್ರಾಂಕ್ಲಿನ್ 'ಪ್ಯಾಟ್ರಿಕ್' ಎಂಬ ಚಿತ್ರ ಮಾಡಿದರು. ಎವರೆಟ್ ಡಿ ರೋಷ್ ಬರೆದ ಕಥೆ. ಖಾಸಗಿ ಆಸ್ಪತ್ರೆಯ ಮಂಚದ ಮೇಲೆ ಪ್ರಜ್ಞೆ ತಪ್ಪಿ ಮಲಗಿರುವ ಯುವಕ, ಕಣ್ಣು ಮಾತ್ರ ತೆರೆದಿದೆ. ಮನಸ್ಸಿನ ಬಲದಿಂದಲೇ ವಸ್ತುಗಳನ್ನು ಅಲುಗಿಸುತ್ತಾನೆ, ಮನುಷ್ಯರಿಗೆ ಕೇಡು ಮಾಡುತ್ತಾನೆ. ಫ್ರಾಂಕ್ಲಿನ್ ಹಿಚ್‌ಕಾಕ್‌ನ ಭಕ್ತ. ಮುಂದೆ 'ಸೈಕೋ'ದ ಎರಡನೆಯ ಭಾಗವನ್ನೂ ನಿರ್ದೇಶಿಸಿದವರು. ಅವರ ಚಿತ್ರದಲ್ಲಿ ಭಯವೆಲ್ಲ ತಡೆದು ಹಿಡಿದದ್ದು.

ಇದು ಇಟಲಿಗೆ ಹೋದಾಗ ಅಲ್ಲಿನವರಿಗೆ ಸಪ್ಪೆ ಎನ್ನಿಸಿರಬೇಕು. ಮೂಲ ಸಂಗೀತವನ್ನು ತೆಗೆದು ಗಾಬ್ಲಿನ್ ತಂಡದಿಂದ ಹೊಸದಾಗಿ ಹಾಕಿಸಿದರು. ಅಷ್ಟಕ್ಕೂ ತೃಪ್ತಿಯಾಗದೆ 1980ರಲ್ಲಿ, ಫ್ರಾಂಕ್ಲಿನ್‌ಗೆ ಯಾವ ಸಂಬಂಧವೂ ಇಲ್ಲದೆ, 'ಪ್ಯಾಟ್ರಿಕ್ ಇನ್ನೂ ಬದುಕಿದ್ದಾನೆ' ಎಂಬ ಅರ್ಥದ ಹೆಸರಿಟ್ಟು ತಾವೇ ಒಂದು ಎರಡನೆಯ ಭಾಗ ಮಾಡಿಬಿಟ್ಟರು. ಅದರಲ್ಲಿ ತಡೆ ಎಂಬುದು ಹುಡುಕಿದರೂ ಸಿಗದು. ಎರಡನ್ನೂ ಒಂದೇ ವಾರ ನೋಡಿದರೆ ಎರಡು ಸಂಪ್ರದಾಯಗಳು ಮುಖಾಮುಖಿಯಾಗುತ್ತವೆ. ಮೆಲ್ಬರ್ನಿನ ಪ್ಯಾಟ್ರಿಕ್ 'ಹೀಗೂ ಆದೀತು' ಎಂದು ಪಿಸುಗುಡುತ್ತಾನೆ. ರೋಮಿನವನು 'ಇದೆಲ್ಲ ಆಟ, ನೋಡಿ!' ಎಂದು ಕೂಗುತ್ತಾನೆ. ಮೊದಲನೆಯದು ಉತ್ತಮ ಸಿನಿಮಾ, ಅನುಮಾನವಿಲ್ಲ. ಆದರೆ ನನ್ನ ನಿದ್ದೆ ಕೆಡಿಸಿದ್ದೂ ಮೊದಲನೆಯದೇ.

ಆಸ್ಟ್ರೇಲಿಯಾದ ಸೆನ್ಸಾರ್ ಈ ಸೂಕ್ಷ್ಮಕ್ಕೆ ಬಹಳ ಕಾಲ ತಲೆಕೆಡಿಸಿಕೊಳ್ಳಲಿಲ್ಲ. 1948ರಲ್ಲಿ ಭಯಾನಕ ಚಿತ್ರಗಳಿಗೆ ಸಾರಾಸಗಟಾಗಿ ಬಾಗಿಲು ಹಾಕಿತು. ಆ ನಿರ್ಬಂಧ ಸಡಿಲವಾಗಲು 60ರ ದಶಕದ ಕೊನೆ ಬರಬೇಕಾಯಿತು. 1971ರಲ್ಲಿ ಡಾನ್ ಚಿಪ್ ಸಚಿವರಾಗಿದ್ದಾಗ, ವಯಸ್ಕರಿಗೆ ಮಾತ್ರ ಎಂಬ 'ಆರ್' ದರ್ಜೆ ಜಾರಿಗೆ ಬಂತು. ಇಂದು ಮೆಲ್ಬರ್ನಿನ ಸಿನಿಮಾ ವಿಮರ್ಶಕಿ ಅಲೆಕ್ಸಾಂಡ್ರಾ ಹೆಲ್ಲರ್-ನಿಕೊಲಸ್ 'ಸಸ್ಪಿರಿಯ' ಒಂದರ ಮೇಲೆಯೇ ಇಡೀ ಪುಸ್ತಕ ಬರೆದಿದ್ದಾರೆ. ಒಂದು ಕಾಲಕ್ಕೆ ಬಂದರಿನಲ್ಲೇ ತಡೆಯುತ್ತಿದ್ದ ಸರಕು ಈಗ ಅಧ್ಯಯನದ ವಸ್ತು.

5. ಜನ್ನನ ಆಕ್ಷೇಪ

ಇಲ್ಲಿಯವರೆಗೆ ನಾನು ಅತಿಯ ಪರ ವಕಾಲತ್ತು ವಹಿಸಿದ್ದೇನೆ. ಎದುರು ವಕೀಲ ಬಂದಿದ್ದಾನೆ. ಅವನು 1209ರಲ್ಲಿ 'ಯಶೋಧರ ಚರಿತೆ' ಬರೆದ ಜನ್ನ.

ಕಥೆ ನಿಮಗೆ ಗೊತ್ತು. ರಾಣಿ ಅಮೃತಮತಿ ಕುರೂಪಿ ಮಾವುತನಿಗೆ ಒಲಿಯುತ್ತಾಳೆ. ಅದನ್ನು ಕಂಡ ಯಶೋಧರ ಕೆಟ್ಟ ಕನಸಿನ ನೆಪ ಹೇಳುತ್ತಾನೆ. ದೋಷ ಕಳೆಯಲು ಪ್ರಾಣಿಬಲಿ ಕೊಡು ಎನ್ನುತ್ತಾಳೆ ತಾಯಿ. ಕೊಲ್ಲಲು ಮನಸ್ಸಿಲ್ಲದ ಮಗ ರಾಜಿಗೆ ಒಪ್ಪಿ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಹಿಟ್ಟು, ಬಣ್ಣ, ಅಷ್ಟೆ. ಆದರೆ ಮಾಟ ಎಷ್ಟು ಸೊಗಸಾಗಿತ್ತೆಂದರೆ ಬೆಂತರವೊಂದು ಅದರೊಳಗೆ ಹೊಕ್ಕಿತು. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿತು. ಆ ಒಂದು ಸಂಕಲ್ಪಹಿಂಸೆಗೆ ತಾಯಿಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮ ತೊಳಲಿದರು. ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ'ದ ಬೇರೂ ಇಲ್ಲೇ ಇದೆ.

ಅಂದರೆ ಜನ್ನ ಕೇಳುವ ಪ್ರಶ್ನೆ ಇದು: ರಕ್ತ ಸುಳ್ಳಾದರೇನು, ಅದನ್ನು ಬಯಸಿದ ಮನಸ್ಸು ಸುಳ್ಳೇ? 1948ರ ಸೆನ್ಸಾರಿನ ವಾದವೂ ಸುಮಾರಾಗಿ ಇದೇ. ಇದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೆ ಎರಡು ಸಂಗತಿ ಗಮನಿಸಬೇಕು. ಒಂದು, ಯಶೋಧರ ಆಟ ಆಡುತ್ತಿರಲಿಲ್ಲ. ನಿಜವಾದ ಬಲಿಯಿಂದ ಸಿಗುವ ಫಲವನ್ನೇ ಬಯಸಿ ಅದರ ಬದಲಿಯನ್ನು ಕೊಟ್ಟ. ಎರಡು, ಕೋಳಿ ಕೂಗಿದ್ದು ಅದು ತೀರ ಜೀವಂತವಾಗಿ ಕಂಡದ್ದರಿಂದ. ಸೊಟ್ಟಗೆ ಮೆತ್ತಿ, ಢಾಳಾಗಿ ಬಣ್ಣ ಬಳಿದ ಕೋಳಿಯೊಳಗೆ ಯಾವ ಬೆಂತರವೂ ಹೋಗುತ್ತಿರಲಿಲ್ಲ. ಇದೇ ಕಾವ್ಯದಲ್ಲಿ ಚಂಡಮಾರಿಯ ಗುಡಿಯ ಬೀಭತ್ಸವನ್ನು ಕೈ ಬಿಗಿಹಿಡಿಯದೆ ವರ್ಣಿಸಿದವನೂ ಅದೇ ಅಹಿಂಸೆಯ ಕವಿ; ಅವನ ಹೆದರಿಕೆ ಬೀಭತ್ಸದ ಬಗ್ಗೆ ಅಲ್ಲ, ನಂಬಿಕೆಯ ಬಗ್ಗೆ.

ಇಟಲಿಯಲ್ಲಿ ಈ ಗೆರೆ ದಾಟಿದ ಚಿತ್ರ 1980ರ 'ಕ್ಯಾನಿಬಲ್ ಹೋಲೊಕಾಸ್ಟ್'. ರುಜೆರೊ ದೆಯೊದಾತೊ ಅದನ್ನು ಕಾಡಿನಲ್ಲಿ ಸತ್ತವರ ಕ್ಯಾಮೆರಾದಲ್ಲಿ ಸಿಕ್ಕ ರೀಲು ಎಂಬಂತೆ ಕಟ್ಟಿದ. ಅಲ್ಲಿ ಪೇಂಟಿನ ಕೆಂಪಿಲ್ಲ, ಬೆಳಕಿನ ಆಟವಿಲ್ಲ. ನಟರು ನಿಜಕ್ಕೂ ಸತ್ತಿದ್ದಾರೆಂಬ ಗುಮಾನಿ ಎದ್ದು, ಅವರು ಬದುಕಿದ್ದಾರೆಂದು ನಿರ್ದೇಶಕ ಸಾಬೀತು ಮಾಡಬೇಕಾಯಿತು. ಮನುಷ್ಯರು ಉಳಿದರು, ಆಮೆಯೂ ಸೇರಿದಂತೆ ಪ್ರಾಣಿಗಳನ್ನು ಮಾತ್ರ ಕ್ಯಾಮೆರಾದೆದುರು ನಿಜವಾಗಿಯೇ ಕೊಂದಿದ್ದರು. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2005ರಲ್ಲಿ. ಅರ್ಜೆಂಟೊನನ್ನು ಸಮರ್ಥಿಸುವ ನಾನು ಇದನ್ನು ಸಮರ್ಥಿಸಲಾರೆ. ಇಲ್ಲಿ ಹಿಟ್ಟಿನ ಕೋಳಿಯೂ ಇಲ್ಲ.

ಅರ್ಜೆಂಟೊನ ಮೇಲೂ ನನ್ನದೊಂದು ತಕರಾರಿದೆ. ಕೈಗವಸಿನ ಕೊಲೆಗಾರನ ಕೈಗಳು ಹಲವು ಚಿತ್ರಗಳಲ್ಲಿ ಸ್ವತಃ ಅವನವೇ. ಆ ಕೈಗಳಿಗೆ ಸಿಕ್ಕಿ ಅತಿ ಚಂದವಾಗಿ, ಅತಿ ನಿಧಾನವಾಗಿ ಸಾಯುವವರು ಹೆಚ್ಚಿನಂಶ ಯುವತಿಯರು. ನಮ್ಮ ಬಯಲಾಟದಲ್ಲಿ ಹೊಟ್ಟೆ ಬಗಿಸಿಕೊಳ್ಳುವವನು ಮದವೇರಿದ ರಾಜ. ಬಗಿಯುವವಳು ಎಷ್ಟೋ ಬಾರಿ ದೇವಿ. ಜಾಲ್ಲೊದಲ್ಲಿ ಸಾಯುವವಳು ತಪ್ಪೇನೂ ಮಾಡದ ಹುಡುಗಿ. ಅತಿ ಎಷ್ಟು ಎಂಬುದಕ್ಕಿಂತ ಅದರ ಬೆಲೆ ಯಾರು ತೆರುತ್ತಾರೆ ಎಂಬುದನ್ನು ಕೇಳಬೇಕು. ಈ ಪ್ರಶ್ನೆಯಲ್ಲಿ ನಮ್ಮ ಮೇಳಗಳು ರೋಮಿಗಿಂತ ಮುಂದಿವೆ ಎಂದು ನಾನು ಅಭಿಮಾನಕ್ಕಾಗಿ ಹೇಳುತ್ತಿಲ್ಲ.

6. ಮಕ್ಕಳ ಕೈಯ ಫೋನು

ಇಲ್ಲಿಯವರೆಗಿನದು ಸಿನಿಮಾದ ಮಾತು; ಈಗ ನಿಜವಾದ ರಕ್ತದ ಮಾತು. 2019ರ ಮಾರ್ಚ್‌ನಲ್ಲಿ ನೆರೆಯ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ ನಡೆದ ಹತ್ಯೆಯನ್ನು ಕೊಲೆಗಾರನೇ ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ಮರುತಿಂಗಳೇ ಆಸ್ಟ್ರೇಲಿಯಾದ ಸಂಸತ್ತು ಅಂಥ ನೈಜ ಹಿಂಸೆಯ ದೃಶ್ಯಗಳನ್ನು ಕೂಡಲೇ ತೆಗೆಯದ ಜಾಲತಾಣಗಳನ್ನು ಶಿಕ್ಷಿಸುವ ಕಾನೂನು ಮಾಡಿತು. 1948ರಲ್ಲಿ ಈ ದೇಶ ಬಣ್ಣದ ರಕ್ತಕ್ಕೆ ಹೆದರಿತ್ತು. 2019ರಲ್ಲಿ ನಿಜ ರಕ್ತವನ್ನು ತಡೆಯಬೇಕೆಂದು ತಿಳಿಯಿತು. ಈ ಎಪ್ಪತ್ತು ವರ್ಷದ ಪಯಣ ಸರಿಯಾದ ದಿಕ್ಕಿನದು.

ಹಾಗಾಗಿ ಇಲ್ಲಿ ಕೂತಿರುವ ತಂದೆತಾಯಂದಿರಿಗೆ ನನ್ನ ಬಿನ್ನಹ ಇಷ್ಟು. ಬೆಳೆದ ಮಗ, ಬೆಳೆದ ಮಗಳು 'ಸಸ್ಪಿರಿಯ' ನೋಡುತ್ತಿದ್ದರೆ ಗಾಬರಿಯಾಗಬೇಡಿ. ಧೈರ್ಯವಿದ್ದರೆ ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಸಾಯುವವರು ಹೆಚ್ಚಾಗಿ ಹುಡುಗಿಯರೇ ಏಕೆ ಎಂದು ಅವರನ್ನೇ ಕೇಳಿ. ಅದೇ ಮಕ್ಕಳ ಫೋನಿಗೆ ವಾಟ್ಸ್ಯಾಪ್‌ನಲ್ಲಿ ಯಾವುದೋ ಊರಿನ ಗುಂಪುಹಲ್ಲೆಯ ವಿಡಿಯೊ ಬಂದರೆ, ಆಗ ಗಾಬರಿಯಾಗಿ. ಅದನ್ನು ಕಳಿಸಿದವರು ನಮ್ಮದೇ ಕುಟುಂಬದ ಗುಂಪಿನ ಹಿರಿಯರಾಗಿದ್ದರೆ ಅವರಿಗೆ ಮೊದಲು ಬುದ್ಧಿ ಹೇಳಿ. ಅಲ್ಲಿ ಚಿಟ್ಟಿ ಇಲ್ಲ, ಚೆಂಡೆ ಇಲ್ಲ, ಮುಂಜಾವದ ಮಂಗಳವಿಲ್ಲ. ಸತ್ತವನು ಎದ್ದು ಬಣ್ಣ ಒರೆಸಿಕೊಂಡು ಚಹಾ ಕುಡಿಯುವುದೂ ಇಲ್ಲ.